ಲಾರಿ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು: ಲೈಸೆನ್ಸ್, ಲೋಡು, ನಿದ್ದೆ, ಅಪಘಾತ

ನಾನು 14 ವರ್ಷ ಲಾರಿ ಓಡಿಸಿದ್ದೇನೆ. ಈಗ ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗಾಡಿಗಳ ಕಾಗದ ನೋಡಿಕೊಳ್ಳುತ್ತೇನೆ. ದಿನಾ ಫೋನ್ ಬರುತ್ತವೆ. ಹೆಚ್ಚಿನವು ದಾರಿಯಲ್ಲಿ ನಿಂತಿರುವ ಚಾಲಕರದು. ಪ್ರಶ್ನೆಗಳು ಸುತ್ತಿ ಸುತ್ತಿ ಅವೇ.

ರೂಲ್ಸ್ ಅಂದ ಕೂಡಲೇ ನಮ್ಮವರಿಗೆ ದಂಡ ನೆನಪಾಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕನ ಪರವಾಗಿ ನಿಲ್ಲುವ ಮಾತುಗಳೂ ಇವೆ. ಅವು ಗೊತ್ತಿಲ್ಲದೆ ಓನರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ಲೈಸೆನ್ಸ್ ಕಳೆದುಕೊಂಡವರನ್ನು ನೋಡಿದ್ದೇನೆ. ಗಾಡಿ ಓನರ್‌ದು, ಲೈಸೆನ್ಸ್ ನಿಮ್ಮದು. ಇದನ್ನು ನೆನಪಿಟ್ಟುಕೊಂಡು ಮುಂದಿನದ್ದು ಓದಿ.

ಕಾರಿನ ಲೈಸೆನ್ಸ್ ಇದೆ. ಅದರಲ್ಲೇ ಗೂಡ್ಸ್ ಗಾಡಿ ಓಡಿಸಬಹುದಾ?

ಗಾಡಿಯ ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಓಡಿಸಬಹುದು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತ ಮಾಡಿತು. ಎಲ್‌ಎಂವಿ (ಲಘು ವಾಹನ, ಅಂದರೆ ಕಾರಿನಂಥದ್ದು) ಲೈಸೆನ್ಸ್ ಇದ್ದವರಿಗೆ ಇಂಥ ಗಾಡಿಗೆ ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ. ಒಟ್ಟು ತೂಕ ಅಂದರೆ ಖಾಲಿ ಗಾಡಿಯ ತೂಕ ಅಲ್ಲ, ಮಾಲು ಸೇರಿಸಿ ಆರ್‌ಸಿಯಲ್ಲಿ ಬರೆದಿರುವ ತೂಕ. ಟ್ಯಾಂಕರಿನಲ್ಲಿ ಕೆಮಿಕಲ್, ಗ್ಯಾಸ್ ಸಾಗಿಸುವವರಿಗೆ ಈ ತೀರ್ಪಿನಿಂದ ರಿಯಾಯಿತಿ ಇಲ್ಲ.

ಹೆವಿ ಲೈಸೆನ್ಸ್ ಮಾಡಿಸಲು ಏನೇನು ಬೇಕು?

ವಯಸ್ಸು 20 ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಸಿಕ್ಕು ಕನಿಷ್ಠ 1 ವರ್ಷ ಆಗಿರಬೇಕು. ಡಾಕ್ಟರು ಸಹಿ ಮಾಡಿದ ಫಾರಂ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟು ಬೇಕು. ಮೊದಲು 8ನೇ ಕ್ಲಾಸ್ ಪಾಸಾಗಿರಬೇಕು ಅಂತಿತ್ತು, 2019ರಲ್ಲಿ ಅದನ್ನು ತೆಗೆದರು. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಈಗ 5 ವರ್ಷ ನಡೆಯುತ್ತದೆ. ಮುಗಿಯುವ 1 ವರ್ಷ ಮೊದಲೇ ರಿನ್ಯೂವಲ್‌ಗೆ ಹಾಕಬಹುದು. ಮುಗಿದು 1 ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.

ಹಿಂದೆ ತಾರೀಕು ಮುಗಿದ ಮೇಲೂ 30 ದಿನ ನಡೆಯುತ್ತಿತ್ತು. ಆ ಅವಕಾಶವನ್ನೂ 2019ರಲ್ಲೇ ತೆಗೆದುಹಾಕಿದರು. ಹಳಬರು ಅನೇಕರು ಇನ್ನೂ ಅದೇ ಲೆಕ್ಕದಲ್ಲಿದ್ದಾರೆ. ಮುಗಿದ ಲೈಸೆನ್ಸ್ ಇಟ್ಟುಕೊಂಡು ಒಂದು ದಿನವೂ ಸ್ಟೇರಿಂಗ್ ಹಿಡಿಯಬೇಡಿ.

ಫಾರಂ 1ಎ ಬಗ್ಗೆ ಒಂದು ಮಾತು. ಸುಮ್ನೆ ಸಹಿ ಹಾಕಿಸಿಕೊಂಡು ಬರುವವರಿದ್ದಾರೆ. ನಾನೂ ಹಾಗೇ ಮಾಡಿದ್ದೆ. ಎದುರಿನ ಗಾಡಿಯ ಲೈಟು ಹೂವಿನ ಹಾಗೆ ಅರಳಿ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ. ಕನ್ನಡಕ ಹಾಕಿದ ಮೊದಲ ರಾತ್ರಿ ರಸ್ತೆಯ ಬಿಳಿ ಗೆರೆ ಅಷ್ಟು ದೂರ ಕಾಣುತ್ತದೆ ಅಂತ ಗೊತ್ತಾಯಿತು. ಕಣ್ಣು ನಿಜವಾಗಿ ತೋರಿಸಿ.

ಪೆಟ್ರೋಲ್, ಗ್ಯಾಸ್, ಆಸಿಡ್ ಟ್ಯಾಂಕರ್ ಓಡಿಸುವವರಿಗೆ ಬೇರೆ ಏನಾದರೂ ಇದೆಯಾ?

ಇದೆ. ಲೈಸೆನ್ಸಿನಲ್ಲಿ ಅಪಾಯಕಾರಿ ಮಾಲಿನ ಅನುಮತಿ ಬೇರೆ ಬರೆಸಬೇಕು. ಅದಕ್ಕೆ 3 ದಿನದ ತರಬೇತಿ ಕಡ್ಡಾಯ. ಇದು 3 ವರ್ಷ ಮಾತ್ರ ನಡೆಯುತ್ತದೆ. ರಿನ್ಯೂವಲ್ ಮಾಡಿಸುವಾಗ ಮತ್ತೆ 1 ದಿನ ಕ್ಲಾಸಿಗೆ ಕೂರಬೇಕು. ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು, ಬರೆಯಲು ಬರಬೇಕು ಅಂತಲೂ ನಿಯಮದಲ್ಲಿದೆ. ಟ್ಯಾಂಕರಿನ ಮೇಲೆ ಬರೆದಿರುವ ಕೆಮಿಕಲ್ ಹೆಸರು, ತುರ್ತು ನಂಬರು ಓದಲು ಬರದಿದ್ದರೆ ಸೋರಿದಾಗ ಅಗ್ನಿಶಾಮಕದವರಿಗೆ ಏನಂತ ಹೇಳುತ್ತೀರಿ, ಅಲ್ವಾ? ಅದಕ್ಕೇ ಆ ನಿಯಮ.

ಗಾಡಿಯಲ್ಲಿ ಯಾವ ಯಾವ ಕಾಗದ ಇರಬೇಕು?

ಡಿಎಲ್, ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು), ಪರ್ಮಿಟ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ಟ್ಯಾಕ್ಸ್ ರಸೀದಿ. ಮಾಲಿಗೆ ಬಿಲ್ಲು, ಎಲ್‌ಆರ್ (ಲಾರಿ ರಸೀದಿ), ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ). ಗಾಡಿಯ ಕಾಗದ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೂ ನಡೆಯುತ್ತದೆ. 2018ರಿಂದ ಅದು ನಿಯಮದಲ್ಲೇ ಇದೆ. ವಾಟ್ಸಾಪಿನಲ್ಲಿ ಬಂದ ಫೋಟೋ ಲೆಕ್ಕಕ್ಕಿಲ್ಲ.

ಎಫ್‌ಸಿ ವಿಷಯದಲ್ಲಿ ಜಾಸ್ತಿ ಗೊಂದಲ. ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಮಿಷನ್ ಬಿಎಸ್4, ಬಿಎಸ್6 ಗಾಡಿಗೆ 1 ವರ್ಷ, ಹಳೆಯದಕ್ಕೆ 6 ತಿಂಗಳು. ನ್ಯಾಷನಲ್ ಪರ್ಮಿಟ್ ಗಾಡಿಯ ಮುಂದೆ, ಹಿಂದೆ ಎನ್/ಪಿ ಅಂತ ಬರೆದಿರಬೇಕು. ಪರ್ಮಿಟ್ ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ ₹10,000 ದಂಡ, ಜತೆಗೆ 6 ತಿಂಗಳವರೆಗೆ ಜೈಲು ಅಂತಿದೆ. ಇಲ್ಲಿ ಹೇಳುವ ದಂಡಗಳೆಲ್ಲ ಕಾಯ್ದೆಯಲ್ಲಿರುವವು. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯಗಳು ಬೇರೆ ಮಾಡಬಹುದು. ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲಿ ಕೆಲವನ್ನು ಇಳಿಸಿತ್ತು.

ಹೊಸ ಗಾಡಿ ಹತ್ತಿದ ಮೊದಲ ದಿನ ಪ್ರತಿ ಕಾಗದದ ಕೊನೆ ತಾರೀಕು ನೀವೇ ನೋಡಿ. "ಎಲ್ಲಾ ಸರಿ ಇದೆ, ಹೊರಡು" ಅನ್ನುವ ಮಾತನ್ನು ನಂಬಿ ಹೊರಡಬೇಡಿ. ಚೆಕ್‌ಪೋಸ್ಟಿನಲ್ಲಿ ಬಿಸಿಲಲ್ಲಿ ನಿಲ್ಲುವವರು ನೀವು.

ಎಷ್ಟು ಲೋಡ್ ಹಾಕಬಹುದು?

ಆರ್‌ಸಿಯಲ್ಲಿ ಬರೆದಷ್ಟು. 2018ರ ಜುಲೈನಲ್ಲಿ ಕೇಂದ್ರ ಸರಕಾರ ಮಿತಿ ಏರಿಸಿತು. 2 ಆಕ್ಸಲ್, ಅಂದರೆ 6 ಚಕ್ರದ ಲಾರಿಗೆ ಒಟ್ಟು ತೂಕ 16.2 ಟನ್ ಇದ್ದದ್ದು 18.5 ಆಯಿತು. 10 ಚಕ್ರದ್ದು 25ರಿಂದ 28.5ಕ್ಕೆ ಹೋಯಿತು. ಇದನ್ನೇ ಹಿಡಿದುಕೊಂಡು ಹಳೆ ಗಾಡಿಗೂ ಹೊಸ ತೂಕ ತುಂಬುವವರಿದ್ದಾರೆ. ನಿಮ್ಮ ಆರ್‌ಸಿಯಲ್ಲಿ 25 ಅಂತ ಇದ್ದರೆ ನಿಮಗೆ 25.

ಮೀರಿದರೆ ₹20,000 ದಂಡ. ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ ₹2,000. 28.5 ಟನ್ ಗಾಡಿ ಕಾಟಾದಲ್ಲಿ 33.5 ತೋರಿಸಿದರೆ ₹30,000 ಆಯಿತು. ಜಾಸ್ತಿ ಮಾಲು ಅಲ್ಲೇ ಇಳಿಸದೆ ಗಾಡಿ ಬಿಡುವಂತಿಲ್ಲ. ಇಳಿಸುವ ಖರ್ಚೂ ನಿಮ್ಮ ಕಡೆಯವರದೇ. ತೂಕ ಮಾಡಿಸದೆ ತಪ್ಪಿಸಿಕೊಂಡು ಹೋದರೆ ₹40,000. ಮಾಲು ಬಾಡಿಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿದ್ದರೆ ಅಥವಾ ಎತ್ತರ ಮೀರಿದ್ದರೆ ಅದಕ್ಕೂ ₹20,000.

ದಂಡದ ಮಾತು ಬಿಡಿ. 5 ಟನ್ ಜಾಸ್ತಿ ಇದ್ದಾಗ ಬ್ರೇಕ್ ಒತ್ತಿದರೆ ಕಾಲಿಗೇ ಗೊತ್ತಾಗುತ್ತದೆ. ಗಾಡಿ ಕೇಳುವುದಿಲ್ಲ, ದಬ್ಬಿಕೊಂಡು ಹೋಗುತ್ತದೆ. ಹಿಂದಿನ ಟೈರು ಮುಟ್ಟಿದರೆ ಕೈ ಸುಡುತ್ತದೆ. ಪಾಟಾ (ಸ್ಪ್ರಿಂಗ್ ಪಟ್ಟಿ) ಚಪ್ಪಟೆಯಾಗಿ ಕೂತಿರುತ್ತದೆ. ಆ ಗಾಡಿಯಲ್ಲಿ ಮುಂದೆ ಮಗು ಅಡ್ಡ ಬಂದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಲೋಡ್ ಹಾಕಿಸಿದ್ದು ಓನರ್. ನನ್ನನ್ನು ಯಾಕೆ ಹಿಡಿಯುತ್ತಾರೆ?

ಓಡಿಸಿದವನೂ ತಪ್ಪಿತಸ್ಥ, ಓಡಿಸಲು ಬಿಟ್ಟವನೂ ತಪ್ಪಿತಸ್ಥ. ಕಾಯ್ದೆಯ ಮಾತು ಹಾಗೇ ಇದೆ. ಆದರೆ 113ನೇ ಸೆಕ್ಷನ್ನಿನಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ನಿಮಗೆ ಹೇಳುವುದಿಲ್ಲ. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದರೆ ಓವರ್‌ಲೋಡ್ ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನು ಹೇಳಿದ್ದಕ್ಕೇ ಆಗಿದೆ ಅಂತ ಕೋರ್ಟು ಅಂದುಕೊಳ್ಳಬಹುದು. "ನನಗೆ ಗೊತ್ತಿರಲಿಲ್ಲ, ಡ್ರೈವರ್ ಮಾಡಿದ್ದು" ಅಂತ ಮಾಲೀಕ ಕೈ ತೊಳೆದುಕೊಳ್ಳುವುದು ಅಷ್ಟು ಸುಲಭ ಅಲ್ಲ.

ಲೈಸೆನ್ಸ್ ಮಾತ್ರ ನಿಮ್ಮದೇ ಹೋಗುತ್ತದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಎಲ್ಲ ರಾಜ್ಯಗಳಿಗೂ ಒಂದು ಪಟ್ಟಿ ಕೊಟ್ಟಿತು. ಅತಿ ವೇಗ, ಕೆಂಪು ಸಿಗ್ನಲ್ ಹಾರುವುದು, ಓವರ್‌ಲೋಡ್, ಗೂಡ್ಸ್ ಗಾಡಿಯಲ್ಲಿ ಜನ, ಕುಡಿದು ಓಡಿಸುವುದು, ಓಡಿಸುತ್ತಾ ಫೋನು. ಈ ಆರರಲ್ಲಿ ಯಾವುದಕ್ಕೇ ಆದರೂ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿ ಅಂತ ಹೇಳಿತು. ಓನರ್‌ಗೆ ನಾಳೆ ಇನ್ನೊಬ್ಬ ಡ್ರೈವರ್ ಸಿಗುತ್ತಾನೆ. ನಿಮಗೆ 3 ತಿಂಗಳ ಅನ್ನ ಎಲ್ಲಿಂದ ಬರುತ್ತದೆ?

ಒಂದು ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು?

ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಸಾರಿಗೆ ಕಾರ್ಮಿಕರಿಗೆ ಅಂತಲೇ 1961ರಲ್ಲಿ ಬಂದ ಕಾಯ್ದೆ ಹಾಕಿಕೊಟ್ಟ ಲೆಕ್ಕ ಇದು. ದೂರದ ದಾರಿಗೆ ಅನುಮತಿ ಪಡೆದು 10 ಗಂಟೆವರೆಗೆ ಹೋಗಬಹುದು ಅಂತ ಅದರಲ್ಲಿತ್ತು. 5 ಗಂಟೆ ಕೆಲಸದ ಒಳಗೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತಲೂ ಇತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ದಿನಕ್ಕೆ 8 ಗಂಟೆ ಅನ್ನುವ ಮಾತು ಅದರಲ್ಲೂ ಉಳಿದಿದೆ.

ರಸ್ತೆಯಲ್ಲಿ ಯಾರು ಪಾಲಿಸುತ್ತಾರೆ ಅಂತ ಕೇಳುತ್ತೀರಿ. ನಾನೂ ಪಾಲಿಸಿರಲಿಲ್ಲ. ಗದಗ ಕಡೆಯ ಈರುಳ್ಳಿ ಹೇರಿಕೊಂಡು ಯಶವಂತಪುರಕ್ಕೆ ಹೊರಟಿದ್ದೆ. ಹಿಂದಿನ ರಾತ್ರಿಯೂ ನಿದ್ದೆ ಇರಲಿಲ್ಲ. ಹಿರಿಯೂರು ದಾಟಿದ್ದು ನೆನಪಿದೆ. ಶಿರಾ ಹತ್ತಿರ ಬಂದದ್ದು ನೆನಪಿಲ್ಲ. ಎಚ್ಚರ ಆದಾಗ ಎಡಗಡೆ ಟೈರು ಮಣ್ಣಿನಲ್ಲಿ ದಡದಡ ಅನ್ನುತ್ತಿತ್ತು, ಕ್ಲೀನರ್ ಹುಡುಗನ ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. ಅವನು ಕೂಗಲೂ ಇಲ್ಲ. ಮುಖ ಬೆಳ್ಳಗಾಗಿತ್ತು. ನನ್ನ ಕಣ್ಣು ತೆರೆದೇ ಇತ್ತಂತೆ. ಆಗ ಬೆಳಗಿನ ಜಾವ 4 ಗಂಟೆ.

60ರ ವೇಗದಲ್ಲಿ 3 ಸೆಕೆಂಡು ಮಂಪರು ಬಂದರೆ ಗಾಡಿ 50 ಮೀಟರ್ ತನ್ನ ಪಾಡಿಗೆ ತಾನು ಹೋಗಿರುತ್ತದೆ. ರಾತ್ರಿ 2ರಿಂದ 5ರ ನಡುವೆ ದೇಹ ನಿದ್ದೆ ಕೇಳಿಯೇ ಕೇಳುತ್ತದೆ. ಚಹಾ, ಗುಟ್ಕಾ, ಮುಖಕ್ಕೆ ನೀರು, ಜೋರು ಹಾಡು, ಇವ್ಯಾವೂ ನಿದ್ದೆ ಅಲ್ಲ. ಒಂದೇ ಕಿಲೋಮೀಟರ್ ಕಲ್ಲು ಎರಡು ಸಲ ಓದಿದಂತೆ ಅನಿಸಿದರೆ, ಗೇರ್ ಬದಲಾಯಿಸಿದ್ದು ನೆನಪಿಲ್ಲದಿದ್ದರೆ ಮುಂದಿನ ಬಂಕಿನಲ್ಲೋ ಡಾಬಾದಲ್ಲೋ ಗಾಡಿ ಹಾಕಿ 20 ನಿಮಿಷ ಮಲಗಿ. ಎದ್ದ ಮೇಲೆ 10 ನಿಮಿಷ ಓಡಾಡಿ ಆಮೇಲೆ ಹತ್ತಿ. ಅದು ಆ ಹೊತ್ತಿಗೆ ಪ್ರಾಣ ಉಳಿಸುವ ಉಪಾಯ ಅಷ್ಟೆ. ನಿದ್ದೆಯ ಸಾಲ ತೀರಬೇಕಾದರೆ ಪೂರ್ತಿ ನಿದ್ದೆಯೇ ಆಗಬೇಕು.

"ಬೆಳಿಗ್ಗೆ 6ಕ್ಕೆ ಅಲ್ಲಿರಬೇಕು" ಅಂತಾರೆ. ಆಗಲ್ಲ ಅಂದರೆ ಕೆಲಸ ಹೋಗುತ್ತದೆ. ಏನು ಮಾಡಲಿ?

ಇದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. 183ನೇ ಸೆಕ್ಷನ್ ಓದಿಸಿ. ವೇಗದ ಮಿತಿ ಮೀರದೆ ಮುಟ್ಟಲು ಆಗದಂಥ ಸಮಯ ಕೊಟ್ಟು ಕಳಿಸಿದರೆ, ಆ ಆದೇಶವೇ ಮಾಲೀಕ ಅತಿ ವೇಗ ಮಾಡಿಸಿದ ಅನ್ನುವುದಕ್ಕೆ ಮೇಲ್ನೋಟದ ಸಾಕ್ಷಿ ಆಗುತ್ತದೆ. ಅದಕ್ಕೇ ನಾನು ಹುಡುಗರಿಗೆ ಹೇಳುವುದು, ಓನರ್ ಕಳಿಸಿದ ವಾಯ್ಸ್ ಮೆಸೇಜ್ ಅಳಿಸಬೇಡಿ. ನೀವೂ ಬಾಯಿಮಾತಲ್ಲಿ ಬಿಡದೆ ಮೆಸೇಜ್ ಹಾಕಿ: "ಅಣ್ಣಾ, ನಿನ್ನೆ ರಾತ್ರಿ ನಿದ್ದೆ ಇಲ್ಲ, ಚಿತ್ರದುರ್ಗದಲ್ಲಿ 3 ಗಂಟೆ ನಿಲ್ಲಿಸುತ್ತೇನೆ." ಜಗಳ ಬೇಡ. ಬರಹದಲ್ಲಿ ಇದ್ದರೆ ಸಾಕು. ಹೆಚ್ಚಿನ ಓನರ್‌ಗಳು ಅದನ್ನು ಓದಿದ ಮೇಲೆ "ಇಲ್ಲ, ಬಾ" ಅಂತ ಬರೆಯಲು ಹಿಂಜರಿಯುತ್ತಾರೆ. ಇದು ನಾನು ಕಂಡದ್ದು.

ಇ-ವೇ ಬಿಲ್ ಮುಗಿಯುತ್ತದೆ ಅಂತ ಓಡಿಸುವವರೂ ಇದ್ದಾರೆ. 200 ಕಿ.ಮೀ.ಗೆ 1 ದಿನ ಅದರ ಲೆಕ್ಕ. ಗಾಡಿ ಕೆಟ್ಟರೆ, ತಡವಾದರೆ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆವರೆಗೆ ಅವಧಿ ಮುಂದುವರಿಸಬಹುದು. ಆಫೀಸಿಗೆ ಒಂದು ಫೋನ್ ಮಾಡಿ, ಅವರು ಮಾಡುತ್ತಾರೆ.

ವೇಗದ ಮಿತಿ ಎಷ್ಟು?

ಕೇಂದ್ರದ ಲೆಕ್ಕದಲ್ಲಿ ಗೂಡ್ಸ್ ಗಾಡಿಗೆ ಎಕ್ಸ್‌ಪ್ರೆಸ್‌ವೇ ಮತ್ತು ನಡುವೆ ಡಿವೈಡರ್ ಇರುವ 4 ಲೇನ್ ರಸ್ತೆಯಲ್ಲಿ 80, ಊರೊಳಗೆ ಮತ್ತು ಬೇರೆ ರಸ್ತೆಯಲ್ಲಿ 60. ಬೋರ್ಡಿನಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡಿನದ್ದೇ ಸರಿ. ಟ್ಯಾಂಕರ್, ಡಂಪರ್, ಅಪಾಯಕಾರಿ ಮಾಲಿನ ಗಾಡಿಗೆ ಸ್ಪೀಡ್ ಗವರ್ನರ್ (ವೇಗ ಮೀರದಂತೆ ತಡೆಯುವ ಸಾಧನ) 60ಕ್ಕೇ ಕಟ್ಟಿರಬೇಕು. ಗವರ್ನರ್ ವೈರ್ ಕಿತ್ತು ಓಡಿಸಬೇಡಿ.

ಘಾಟ್ ಇಳಿಸುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದಾ?

ಉಳಿಯುವುದಿಲ್ಲ. ಈಗಿನ ಇಂಜಿನ್‌ಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ತಾನಾಗೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದ ಹಾಗೆ ಅದು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಅಂದರೆ ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ.

ಅರಬೈಲ್ ಘಾಟಿನಲ್ಲಿ, ಶಿರಾಡಿಯಲ್ಲಿ ಇಳಿಯುವಾಗ ಹತ್ತಿಸಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಸಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಹಾಕಿ. ಅರ್ಧಕ್ಕೆ ಬಂದು ಗೇರ್ ಇಳಿಸಲು ಹೋದರೆ ಬೀಳುವುದಿಲ್ಲ, ನ್ಯೂಟ್ರಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಬ್ರೇಕ್ ಮೇಲೆ ಕಾಲು ಊರಿಕೊಂಡೇ ಇಳಿಯಬೇಡಿ. ಡ್ರಮ್ ಕಾಯುತ್ತದೆ, ಲೈನರ್ ಹಿಡಿಯುವುದಿಲ್ಲ. ಸುಟ್ಟ ವಾಸನೆ ಬಂದಾಗಲೇ ತಡ ಆಗಿದೆ ಅಂತ ತಿಳಿಯಿರಿ. ಜಾಗ ಸಿಕ್ಕಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಇಕ್ಕಟ್ಟಿನಲ್ಲಿ ಎದುರು ಗಾಡಿ ಹತ್ತುತ್ತಿದ್ದರೆ ದಾರಿ ಅದಕ್ಕೆ ಬಿಡಬೇಕು. ಇದೂ ನಿಯಮವೇ.

ಹೈವೇ ಮೇಲೆ ಗಾಡಿ ಕೆಟ್ಟು ನಿಂತರೆ?

ಮೊದಲು ಪಾರ್ಕಿಂಗ್ ಲೈಟು ನಾಲ್ಕೂ ಹಾಕಿ. ಆದಷ್ಟು ಎಡಕ್ಕೆ ಎಳೆಯಿರಿ. ಆಮೇಲೆ ರಿಫ್ಲೆಕ್ಟರ್ ತ್ರಿಕೋನ ತೆಗೆದುಕೊಂಡು ಹಿಂದಕ್ಕೆ ನಡೆಯಿರಿ. ಟೈರಿನ ಪಕ್ಕದಲ್ಲಿ ಇಟ್ಟರೆ ಪ್ರಯೋಜನ ಇಲ್ಲ. 80ರಲ್ಲಿ ಬರುವ ಗಾಡಿ ಸೆಕೆಂಡಿಗೆ 22 ಮೀಟರ್ ಬರುತ್ತದೆ. ನಾನು ನೂರು ಹೆಜ್ಜೆ ಎಣಿಸಿ ಇಡುತ್ತಿದ್ದೆ. ತಿರುವು ಇದ್ದರೆ ತಿರುವಿನ ಆಚೆ. ನಡೆಯುವಾಗ ಮುಖ ಬರುವ ಗಾಡಿಗಳ ಕಡೆಗಿರಲಿ, ಕೈಯಲ್ಲಿ ಬ್ಯಾಟರಿ ಇರಲಿ.

ಸೊಪ್ಪಿನ ಟೊಂಗೆ, ಸಾಲಾಗಿ ಕಲ್ಲು ಇಡುವ ರೂಢಿ ನಮ್ಮಲ್ಲಿದೆ. ರಾತ್ರಿ ಕಲ್ಲು ಕಾಣುವುದಿಲ್ಲ. ಗಾಡಿ ರಿಪೇರಿ ಆಗಿ ಹೊರಟ ಮೇಲೆ ಆ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಹಿಂದೆ ಬೈಕಿನಲ್ಲಿ ಬರುವ ಹುಡುಗನಿಗೆ ಅವೇ ಯಮ. ದಯವಿಟ್ಟು ಕಲ್ಲು ಇಡಬೇಡಿ. ಚಕ್ರಕ್ಕೆ ಕೊಟ್ಟ ಕಲ್ಲನ್ನೂ ಹೊರಡುವಾಗ ಬದಿಗೆ ಹಾಕಿ ಹೋಗಿ.

ರಿಫ್ಲೆಕ್ಟರ್ ಟೇಪು ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. ಕೆಸರು ಮೆತ್ತಿದ ಟೇಪು ಇದ್ದೂ ಇಲ್ಲದ ಹಾಗೆ. ಚಹಾಕ್ಕೆ ನಿಂತಾಗ ಒಂದು ಬಟ್ಟೆ ಒರೆಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033.

ಕಬ್ಬಿಣದ ರಾಡ್ ಹಿಂದೆ ಚಾಚಿದ್ದರೆ ಕೆಂಪು ಬಟ್ಟೆ ಕಟ್ಟಿದರೆ ಸಾಕಲ್ವಾ?

ಸಾಲದು. 1 ಮೀಟರ್ ಚಾಚಬಹುದು ಅಂತ ಇದ್ದ ಅವಕಾಶವನ್ನು 2014ರಲ್ಲೇ ತೆಗೆದರು.

ಕೂಲಿಯವರನ್ನು, ಸಂತೆಗೆ ಹೋಗುವವರನ್ನು ಮಾಲಿನ ಮೇಲೆ ಕೂರಿಸಿಕೊಳ್ಳಬಹುದಾ?

ಬೇಡ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನ ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಅಂತ ಲಾರಿಯಲ್ಲಿ ಮಾಲಿನ ಜತೆಗೇ ಹೊರಟಿದ್ದರು. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಲಾರಿ ಕಣಿವೆಗೆ ಉರುಳಿತು. 10 ಜನ ಹೋದರು. ನಮ್ಮ ಕಡೆಯ ಜನ, ನಮ್ಮ ದಾರಿ. ನಾನು ನೂರಾರು ಸಲ ಹೋದ ದಾರಿ ಅದು.

ಗೂಡ್ಸ್ ಗಾಡಿಯಲ್ಲಿ ಹೀಗೆ ಹತ್ತಿಸಿಕೊಂಡವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ಮಾಲಿನ ಮಾಲೀಕ ಅಥವಾ ಅವನ ಕಡೆಯವನು ಮಾಲಿನ ಜತೆ ಬಂದರೆ ಲೆಕ್ಕ ಬೇರೆ. ಆದರೆ ಅವರೂ ಕ್ಯಾಬಿನ್ನಿನಲ್ಲಿ ಕೂರಬೇಕು, ಮೂಟೆಯ ಮೇಲಲ್ಲ. ಕತ್ತಲಲ್ಲಿ ನಿಂತು ಕೈ ಮಾಡುವ ಹೆಂಗಸರನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಹತ್ತಿಸಬೇಡಿ.

ಸ್ವಲ್ಪ ಕುಡಿದರೆ ನಡೆಯುತ್ತದಾ?

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಕೇಸು. ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ ₹10,000 ದಂಡ, ಅಥವಾ ಎರಡೂ. ಸ್ಟೇರಿಂಗ್ ಹಿಡಿಯುವ ದಿನ ಒಂದು ಹನಿಯೂ ಬೇಡ.

ಬಂಡೀಪುರದಲ್ಲಿ ರಾತ್ರಿ ಬಿಡುತ್ತಾರಾ?

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. 2009ರಿಂದಲೂ ಹೀಗೇ. ವಯನಾಡು, ಊಟಿ ಕಡೆ ಹೋಗುವವರು ಗುಂಡ್ಲುಪೇಟೆಯಲ್ಲಿ ಮಲಗುವ ಲೆಕ್ಕ ಹಾಕಿಕೊಂಡೇ ಹೊರಡಿ.

ಅಪಘಾತ ಆದರೆ ನಿಲ್ಲಬೇಕಾ? ಜನ ಹೊಡೆದು ಸಾಯಿಸಿದರೆ?

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ಸಣ್ಣದಾಗುತ್ತದೆ. ಭಯ ನಿಜ.

ಕಾಯ್ದೆಯ 134ನೇ ಸೆಕ್ಷನ್ ಹೇಳುವುದು ಇಷ್ಟು: ಗಾಯಾಳುವನ್ನು ಹತ್ತಿರದ ಡಾಕ್ಟರ್ ಅಥವಾ ಆಸ್ಪತ್ರೆಗೆ ಮುಟ್ಟಿಸಲು ಆದದ್ದೆಲ್ಲ ಮಾಡಬೇಕು. ರೊಚ್ಚಿಗೆದ್ದ ಜನರಿಂದ ಅದು ಆಗದಿದ್ದರೆ ಅದಕ್ಕೆ ವಿನಾಯಿತಿ ಇದೆ. ಈ ಮಾತು ಕಾಯ್ದೆಯಲ್ಲೇ ಬರೆದಿದೆ. ಅಂದರೆ ಪ್ರಾಣಭಯದಿಂದ ಆ ಜಾಗ ಬಿಡುವುದು ಬೇರೆ, ತಲೆ ಮರೆಸಿಕೊಳ್ಳುವುದು ಬೇರೆ. ಜಾಗ ಬಿಟ್ಟರೂ ಕೂಡಲೇ 112ಕ್ಕೆ, 108ಕ್ಕೆ ಫೋನ್ ಮಾಡಿ ಎಲ್ಲಿ ಆಯಿತು ಅಂತ ಹೇಳಿ. ನೇರ ಹತ್ತಿರದ ಠಾಣೆಗೆ ಹೋಗಿ. ಹೆಚ್ಚೆಂದರೆ 24 ಗಂಟೆ ಅಂತ ಕಾಯ್ದೆಯಲ್ಲಿದೆ. ಅಷ್ಟು ಹೊತ್ತು ಕಾಯಬೇಡಿ. ನೀವು ಮಾಡಿದ ಫೋನಿನ ಹೊತ್ತು ನಿಮ್ಮ ಮೊಬೈಲಿನಲ್ಲೇ ಉಳಿಯುತ್ತದೆ. ಓಡಿಹೋಗಲಿಲ್ಲ ಅನ್ನುವುದಕ್ಕೆ ಅದೇ ನಿಮ್ಮ ಸಾಕ್ಷಿ.

ಸಾವಾದ ಅಪಘಾತವನ್ನು ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅನ್ನುವ ಹೊಸ ಕಾನೂನಿನ ಬಗ್ಗೆಯೂ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 106(2) ಅದು. 2024ರ ಜನವರಿಯಲ್ಲಿ ದೇಶದ ಅನೇಕ ಕಡೆ ಚಾಲಕರು ಗಾಡಿ ನಿಲ್ಲಿಸಿದ್ದು ಇದಕ್ಕೇ. ಅದೇ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಉಪಸೆಕ್ಷನ್ನನ್ನು ತಡೆಹಿಡಿದರು. 106(1) ಮಾತ್ರ ಜಾರಿಯಾಯಿತು. ಅಜಾಗರೂಕತೆಯಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ, ಜಾಮೀನು ಸಿಗುವಂಥದ್ದು. ಆದರೆ ಒಂದು ಮಾತು ಕೇಳಿ. ರಸ್ತೆಯಲ್ಲಿ ಬಿದ್ದವನಿಗೆ ಮೊದಲ ಒಂದು ಗಂಟೆಯೇ ಎಲ್ಲ. ನಿಮ್ಮ ಒಂದು ಫೋನಿನಿಂದ ಅವನು ಬದುಕಿದರೆ ನಿಮ್ಮ ಕೇಸೂ ಬೇರೆಯದೇ ಆಗುತ್ತದೆ, ನಿಮ್ಮ ನಿದ್ದೆಯೂ.

ನನಗೇ ಏನಾದರೂ ಆದರೆ ಮನೆಯವರಿಗೆ ಏನು ಸಿಗುತ್ತದೆ?

ಕೆಲಸದ ಮೇಲೆ ಇದ್ದಾಗ ಚಾಲಕನಿಗೆ ಅಪಘಾತ ಆದರೆ ಪರಿಹಾರ ಕೊಡುವುದು ಮಾಲೀಕನ ಹೊಣೆ. ಆ ಹೊಣೆ ಗಾಡಿಯ ಕಡ್ಡಾಯ ಇನ್ಶೂರೆನ್ಸಿನಲ್ಲೇ ಸೇರಿರುತ್ತದೆ. ತೊಂದರೆ ಬರುವುದು ಎಲ್ಲಿ ಅಂದರೆ, ನೀವು ಆ ಗಾಡಿಯ ಚಾಲಕ ಅಂತ ಹೇಳುವ ಒಂದು ಚೀಟಿಯೂ ಮನೆಯಲ್ಲಿ ಇರುವುದಿಲ್ಲ. ಸಂಬಳ ಕೈಯಲ್ಲಿ, ಬಾಟಾ (ದಾರಿ ಖರ್ಚಿನ ಭತ್ಯೆ) ಕೈಯಲ್ಲಿ. ಒಬ್ಬ ಚಾಲಕನ ಹೆಂಡತಿ ನಮ್ಮ ಆಫೀಸಿಗೆ ಬಂದು ಗಂಡ ಓಡಿಸುತ್ತಿದ್ದ ಗಾಡಿಯ ನಂಬರ್ ಏನು ಅಂತ ನಮ್ಮನ್ನೇ ಕೇಳಿದ್ದಳು. ಅವಳ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದು ಅವನ ಆಧಾರ್ ಕಾರ್ಡಿನ ಜೆರಾಕ್ಸ್ ಒಂದೇ.

ಬಾಟಾ, ಸಂಬಳ ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ. ಪ್ರತಿ ಟ್ರಿಪ್ಪಿನ ಎಲ್‌ಆರ್ ಫೋಟೋ ತೆಗೆಯಿರಿ, ಅದರಲ್ಲಿ ಗಾಡಿ ನಂಬರ್, ತಾರೀಕು ಇರುತ್ತದೆ. ಇನ್ಶೂರೆನ್ಸ್ ಪಾಲಿಸಿಯ ಮೊದಲ ಪುಟದ ಫೋಟೋ, ನಿಮ್ಮ ಲೈಸೆನ್ಸಿನ ಎರಡೂ ಬದಿಯ ಫೋಟೋ, ಓನರ್‌ನ ಹೆಸರು, ನಂಬರು. ಇವನ್ನೆಲ್ಲ ಗಾಡಿ ಹೊರಡುವ ಮೊದಲು ಹೆಂಡತಿಗೋ ತಮ್ಮನಿಗೋ ವಾಟ್ಸಾಪ್ ಮಾಡಿ. ಗಾಡಿ ಬದಲಾದರೆ ಆ ದಿನವೇ ಮತ್ತೆ ಕಳಿಸಿ.